ಬೀಜಕ್ಕಿಟ್ಟ ಬಟಾಣಿಯಲ್ಲಿ ತೂತು: ಪ್ರತಿಕ್ರಿಯೆ

ಅಕ್ಕಪಕ್ಕ ಬೆಳೆದ ಎರಡು ತಳಿಯ ಬಟಾಣಿಯನ್ನು ಬೀಜಕ್ಕೆಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೂ ಕಾಳುಗಳಲ್ಲಿ ದುಂಡನೆಯ ತೂತುಗಳಾಗಿವೆ, ದುಂಬಿ ಎಲ್ಲಿಂದ ಬಂತು, ತಳಿಗಳೂ ಬೆರೆತಿರಬಹುದೇ ಎಂದು ಕೇಳಿದ್ದೀರಿ.

ದುಂಬಿ ಡಬ್ಬಿಗೆ ನುಗ್ಗಿದ್ದಲ್ಲ, ತೋಟದಿಂದಲೇ ಕಾಳಿನೊಳಗೆ ಕುಳಿತು ಬಂದದ್ದು. ಹೆಣ್ಣು ದುಂಬಿ ಹಸಿರು ಕಾಯಿಯ ಸಿಪ್ಪೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಸಿಪ್ಪೆಯನ್ನು ಕೊರೆದು ಎಳೆಗಾಳನ್ನು ಹೊಕ್ಕ ಜಾಗದಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮಾತ್ರ ಉಳಿಯುವುದರಿಂದ ಸುಲಿಯುವಾಗ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ತಾವು ಕಂಡ ತೂತು ಆ ಹುಳು ದುಂಬಿಯಾಗಿ ಬೆಳೆದು ಹೊರಬಿದ್ದ ಬಾಗಿಲು. ತೂತಾದ ಕಾಳು ಕೆಲವೊಮ್ಮೆ ಮೊಳೆತರೂ ಸಸಿ ಸೊರಗಿರುತ್ತದೆ; ನಾನಂತೂ ಅವನ್ನು ಬಿತ್ತುವುದಿಲ್ಲ.

ಮುಂದಿನ ಸಲ ಕಾಯಿಗಳು ಬಳ್ಳಿಯಲ್ಲೇ ಕಂದುಬಣ್ಣಕ್ಕೆ ತಿರುಗಿ, ಅಲುಗಿಸಿದರೆ ಗಲಗಲ ಎನ್ನುವವರೆಗೆ ಬಿಡಿ. ಬಿಡಿಸಿದ ಕಾಳನ್ನು ನೆರಳಿನಲ್ಲಿ ಒಣಗಿಸಿ, ಒಂದನ್ನು ಸುತ್ತಿಗೆಯಿಂದ ಹೊಡೆದು ನೋಡಿ: ಚಪ್ಪಟೆಯಾದರೆ ಇನ್ನೂ ತೇವವಿದೆ, ಪುಡಿಪುಡಿಯಾಗಿ ಸಿಡಿದರೆ ಸಾಕಷ್ಟು ಒಣಗಿದೆ. ತೇವವಿದ್ದ ಬೀಜ ಹೆಪ್ಪುಗಟ್ಟಿದರೆ ಮೊಳಕೆಯೇ ಸಾಯುವುದರಿಂದ ಈ ಪರೀಕ್ಷೆಯನ್ನು ಬಿಡಬೇಡಿ. ಅನಂತರ ಗಾಜಿನ ಸೀಸೆಯಲ್ಲಿ ಮುಚ್ಚಿ, −18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ ಒಂದು ವಾರವಿಟ್ಟರೆ ಒಳಗಿನ ಹುಳು ಸಾಯುತ್ತದೆ. ಹೊರತೆಗೆದ ಸೀಸೆಯ ತಣುಪು ಪೂರ್ತಿ ಇಳಿಯುವ ಮುನ್ನ ಮುಚ್ಚಳ ತೆರೆದರೆ ಬೀಜದ ಮೇಲೆ ನೀರು ಕಟ್ಟುತ್ತದೆ.

ತಳಿ ಬೆರೆಯುವ ಚಿಂತೆ ಹೆಚ್ಚು ಬೇಡ. ಬಟಾಣಿ ಹೂವು ಅರಳುವ ಮೊದಲೇ ತನ್ನಲ್ಲೇ ಪರಾಗಸ್ಪರ್ಶ ಮುಗಿಸಿರುತ್ತದೆ. 1856ರಲ್ಲಿ ಬಟಾಣಿಯ ಮೇಲೆ ಅನುವಂಶೀಯತೆಯ ಪ್ರಯೋಗ ಆರಂಭಿಸಿದ ವಿಜ್ಞಾನಿ ಮೆಂಡೆಲ್ ತಳಿ ಬೆರೆಸಲು ಮೊಗ್ಗನ್ನೇ ಬಿಡಿಸಿ ಕೇಸರಗಳನ್ನು ಕೀಳಬೇಕಾಯಿತು. ಆದರೂ ಎರಡು ಬಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡರೆ ಕೊಯ್ಯುವಾಗ ಕಾಯಿಗಳು ಅದಲುಬದಲಾಗುತ್ತವೆ, ಆದ್ದರಿಂದ ಚಪ್ಪರಗಳನ್ನು ಬೇರೆಬೇರೆ ಕಟ್ಟಿ.