ಪದರಗಳ ಪಟ್ಟಿ ಸಾಲದು, ಕಾರಣವೂ ಬೇಕು

ಮಾನ್ಯರೇ,

ಭೂಮಿಯ ವಾಯುಮಂಡಲವನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಭಾಷೆ ಶುದ್ಧವಾಗಿದೆ, ಅಂಕಿಗಳೂ ಬಹುಮಟ್ಟಿಗೆ ಸರಿಯಾಗಿವೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಐದು ಮಂಡಲಗಳ ಹೆಸರು, ಎತ್ತರ, ಉಷ್ಣತೆಗಳನ್ನು ಸಾಲಾಗಿ ಒಪ್ಪಿಸಿದ್ದೀರಿ. ಗಾಳಿಯಲ್ಲಿ ಪದರಗಳಾದರೂ ಏಕೆ ಏರ್ಪಟ್ಟವು ಎಂಬ ಪ್ರಶ್ನೆಯನ್ನು ಮಾತ್ರ ಎಲ್ಲಿಯೂ ಎತ್ತಿಲ್ಲ.

ನೆಲಕ್ಕೆ ತಾಗಿದ ಪರಿವರ್ತನಾ ಮಂಡಲದಲ್ಲಿ, ಮೇಲಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣತೆ ಇಳಿಯುತ್ತದೆ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲಿನ ಗಾಳಿ ಮುಖ್ಯವಾಗಿ ಕಾಯುವುದು ಬಿಸಿಲಿನಿಂದ ನೇರವಾಗಿ ಅಲ್ಲ, ಬಿಸಿಲಿಗೆ ಕಾದ ನೆಲ ಮತ್ತು ಕಡಲಿನಿಂದ. ಹಾಗೆ ಕಾದ ಗಾಳಿ ಮೇಲೇರುತ್ತ, ಒತ್ತಡ ತಗ್ಗಿದಂತೆ ಹಿಗ್ಗಿ ತಣ್ಣಗಾಗುತ್ತದೆ. ಅದರ ಮೇಲಿನ ಸಮೋಷ್ಣ ಮಂಡಲದಲ್ಲಿ ಓಝೋನ್ ಅನಿಲ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಗಾಳಿಯನ್ನು ಕಾಯಿಸುವುದರಿಂದ ಮೇಲಕ್ಕೆ ಹೋದಂತೆ ಬಿಸಿ ಹೆಚ್ಚುತ್ತದೆ. ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು ಇರುವಲ್ಲಿ ಗಾಳಿ ಮೇಲೆಕೆಳಗಾಗದು. ಅದರಿಂದಲೇ ದೊಡ್ಡ ಗುಡುಗುಮೋಡ ಏರುತ್ತ ಹೋಗಿ, ಒಂದು ಎತ್ತರದಲ್ಲಿ ತಡೆದು ನಿಂತು, ಅದರ ತಲೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡುವುದನ್ನು ಓದುಗರು ಕಣ್ಣಾರೆ ಕಂಡಿರುತ್ತಾರೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಸಮೋಷ್ಣ ಮಂಡಲವನ್ನು ಕಂಡುಹಿಡಿದ ಫ್ರಾನ್ಸಿನ ಹವಾಮಾನ ವಿಜ್ಞಾನಿ ಟೈಸರಾಂಕ್ ದ ಬೋರ್ ಅವರಿಗೆ ನೀವು ಕೊಟ್ಟಿರುವುದು ಒಂದೇ ಸಾಲು. ಬಲೂನಿನಲ್ಲಿ ಕಳುಹಿಸಿದ ಉಪಕರಣದ ಅಳತೆಯಲ್ಲಿ ಸುಮಾರು 11 ಕಿಲೋಮೀಟರ್ ಮೇಲೆ ಉಷ್ಣತೆ ಇಳಿಯುವುದು ನಿಂತಾಗ, ಉಪಕರಣಕ್ಕೆ ಬಿಸಿಲು ತಗುಲಿ ಹಾಗಾಗಿರಬಹುದೆಂಬ ಸಂಶಯ ನಿವಾರಿಸಲು ಅವರು ರಾತ್ರಿಯಲ್ಲೂ ಬಲೂನು ಹಾರಿಸಿದರು. 1902ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಷ್ಟು ಒಳ್ಳೆಯ ಕತೆಯನ್ನು ಇಸವಿಯೊಂದಕ್ಕೆ ಇಳಿಸುವುದು ಅನ್ಯಾಯ.

ಇನ್ನು ತಪ್ಪುಗಳು. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಶೇಕಡಾ ಪಾಲು ಕುಸಿಯುತ್ತದೆ ಎಂದಿದ್ದೀರಿ. ಎವರೆಸ್ಟ್ ತುದಿಯಲ್ಲೂ ಆ ಪಾಲು ಸುಮಾರು 21. ಮೂರನೇ ಒಂದರಷ್ಟಕ್ಕೆ ಇಳಿದಿರುವುದು ಒತ್ತಡ. ಗಾಳಿ ಕಲಕುತ್ತಲೇ ಇರುವುದರಿಂದ ಮುಖ್ಯ ಅನಿಲಗಳ ಪಾಲು ಸುಮಾರು 80ರಿಂದ 100 ಕಿಲೋಮೀಟರಿನವರೆಗೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸಾರಜನಕ 78, ಆಮ್ಲಜನಕ 21, ಆರ್ಗಾನ್ 0.93 ಎಂಬ ಲೆಕ್ಕ ಒಣಗಾಳಿಯದು ಎಂಬುದನ್ನೂ ಹೇಳಿ. ನೀರಾವಿ ಸ್ಥಳ, ಕಾಲಕ್ಕೆ ತಕ್ಕಂತೆ ಶೇಕಡಾ 4ರವರೆಗೂ ಏರಬಲ್ಲದು. ಇಂಗಾಲದ ಡೈಆಕ್ಸೈಡನ್ನು ‘ನಗಣ್ಯ’ ಎಂದು ಕರೆದಿರುವುದನ್ನಂತೂ ಒಪ್ಪಲಾರೆ. ಇರುವುದು ಶೇಕಡಾ 0.04ರಷ್ಟೇ ಆದರೂ, ಸಾರಜನಕ ಮತ್ತು ಆಮ್ಲಜನಕ ಬಹುತೇಕ ತಡೆಯದೆ ಬಿಟ್ಟುಬಿಡುವ ನೆಲದ ಶಾಖವಿಕಿರಣವನ್ನು ಅದು ಹೀರುತ್ತದೆ.

ಬಹಳ ಎತ್ತರದಲ್ಲಿರುವ ಉಷ್ಣತಾ ಮಂಡಲದ 1,500 ಡಿಗ್ರಿಯಲ್ಲಿ ಉಪಗ್ರಹಗಳೇಕೆ ಕರಗುವುದಿಲ್ಲ ಎಂದು ಓದುಗ ಖಂಡಿತ ಕೇಳುತ್ತಾನೆ. ಅಲ್ಲಿ ಕಣಗಳ ವೇಗ ಹೆಚ್ಚು, ಸಂಖ್ಯೆ ತೀರ ವಿರಳ, ಆದ್ದರಿಂದ ಅವು ದಾಟಿಸುವ ಶಾಖ ಅತ್ಯಲ್ಪ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು. ಎಲ್ಲಕ್ಕಿಂತ ಹೊರಗಿನ ಬಾಹ್ಯ ಮಂಡಲದ ವರ್ಣನೆಯನ್ನು ಅರ್ಧಕ್ಕೆ ಇಳಿಸಿ, ಉಳಿದ ಜಾಗವನ್ನು ಓಝೋನಿಗೆ ಕೊಟ್ಟು, ತಿದ್ದಿದ ಪ್ರತಿಯನ್ನು ಕಳುಹಿಸಿ, ಮತ್ತೆ ಓದುತ್ತೇನೆ.

ಸಂಪಾದಕ