ಉತ್ತರ: ರಿವ್ಯೂ ನಂಬಿ 5060 ಟಿಐ 8 ಜಿಬಿ ಕೊಳ್ಳುವ ಮುನ್ನ

ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದಿರುವ ಉತ್ತರಗಳನ್ನೂ ಓದಿದೆ. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡು ಮತ್ತು 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು ಇರುವ ಗೇಮಿಂಗ್ ಯಂತ್ರಕ್ಕೆ, ಬಿಡುಗಡೆಯ ದಿನ ಬಂದ ಎರಡು ವಿಡಿಯೊ ನೋಡಿ, ಎನ್‌ವಿಡಿಯಾ ಕಂಪನಿಯ 5060 ಟಿಐ 8 ಜಿಬಿ ಕಾರ್ಡು ಹಾಕಿಸಲು ಹೊರಟಿದ್ದೀರಿ. ಇಬ್ಬರು ಸದಸ್ಯರು "ಆ ಚಾನೆಲ್‌ನವರು ದುಡ್ಡು ತಿಂದಿದ್ದಾರೆ, ನಂಬಬೇಡಿ" ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಬಾರ್ ಚಾರ್ಟ್ ಒಂದನ್ನೇ ನೋಡಿ ಕಾರ್ಡು ಕೊಂಡವರ ಸಾಲಿನಲ್ಲಿ ಒಂದು ಕಾಲಕ್ಕೆ ನಾನೂ ಇದ್ದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ಆ ವಿಡಿಯೊಗಳನ್ನು ಮತ್ತೆ ತೆರೆದು, ಪರೀಕ್ಷೆಗೆ ಒಳಪಟ್ಟ ಕಾರ್ಡು ಯಾವುದೆಂದು ನೋಡಿ. 2025ರ ಏಪ್ರಿಲ್ 16ರಂದು 5060 ಟಿಐ ಬಿಡುಗಡೆಯಾದಾಗ ರಿವ್ಯೂ ಮಾಡುವವರ ಕೈಸೇರಿದ್ದು 16 ಜಿಬಿ ಮಾದರಿ. 8 ಜಿಬಿ ಮಾದರಿಯನ್ನು ಅವರಿಗೆ ಕಳುಹಿಸಲಿಲ್ಲ. ಅದರ ನಿಜವಾದ ಅಳತೆಗಳು ಹೊರಬಿದ್ದದ್ದು ಕೆಲವರು ಅಂಗಡಿಯಿಂದಲೇ ಕೊಂಡು ಪರೀಕ್ಷಿಸಿದ ಮೇಲೆ. ಆಗ 379 ಡಾಲರಿದ್ದ 8 ಜಿಬಿ ಕಾರ್ಡಿಗೂ 429 ಡಾಲರಿದ್ದ 16 ಜಿಬಿ ಕಾರ್ಡಿಗೂ ಹೆಸರು ಒಂದೇ, ಚಿಪ್ಪೂ ಒಂದೇ. ಆದರೆ ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟವನ್ನು ಏರಿಸಿ ಕಾರ್ಡಿನ ಮೆಮೊರಿ ತುಂಬಿದ ಕೂಡಲೇ 8 ಜಿಬಿಯದು ಮುಗ್ಗರಿಸುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಬೇಕಾದ ಅಗತ್ಯವೇ ಬರಲಿಲ್ಲ ಎಂಬುದನ್ನು ಗಮನಿಸಿ. ಯಾವ ಮಾದರಿಯನ್ನು ಯಾರಿಗೆ, ಯಾವಾಗ ಕಳುಹಿಸಬೇಕು ಎಂದು ನಿರ್ಧರಿಸುವ ಹಿಡಿತ ಕಂಪನಿಯ ಕೈಯಲ್ಲಿದ್ದರೆ, ಪ್ರಾಮಾಣಿಕ ರಿವ್ಯೂ ಕೂಡ ಅದಕ್ಕೆ ಬೇಕಾದ ಚಿತ್ರವನ್ನೇ ಕೊಡುತ್ತದೆ. ಮರುತಿಂಗಳು ಅದರ ಕೆಳಗಿನ ಮಾದರಿಯಾದ 5060 ಬಂದಾಗ ಇದು ಇನ್ನೂ ಸ್ಪಷ್ಟವಾಯಿತು: ಮೇ 19ರ ಬಿಡುಗಡೆಗೆ ಮುಂಚೆ ರಿವ್ಯೂ ಮಾಡುವ ಹೆಚ್ಚಿನವರಿಗೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಸಿಗಲಿಲ್ಲ, ಸಿಕ್ಕಿದ ಕೆಲವರು ಎನ್‌ವಿಡಿಯಾ ಸೂಚಿಸಿದ ಆಟಗಳನ್ನು ಸೂಚಿಸಿದ ಸೆಟ್ಟಿಂಗಿನಲ್ಲಿಯೇ ತೋರಿಸಿ ಅದನ್ನು ಮುನ್ನೋಟವೆಂದು ಪ್ರಕಟಿಸಿದರು.

ನಿಮ್ಮ ಯಂತ್ರದಲ್ಲಿ ಇನ್ನೊಂದು ತೊಡಕಿದೆ. ಬಿ450 ಬೋರ್ಡಿನಲ್ಲಿ ಕಾರ್ಡಿಗೆ ದತ್ತಾಂಶ ಸಾಗುವ ದಾರಿ ಪಿಸಿಐ ಎಕ್ಸ್‌ಪ್ರೆಸ್ 3.0, ಹಳೆಯ ಪೀಳಿಗೆಯದು. ನಿಮ್ಮ 3060 ಅಲ್ಲಿ 16 ಲೇನ್ (ಆ ದಾರಿಯ ಸಾಲುಗಳು) ಬಳಸುತ್ತದೆ. 5060 ಟಿಐಗೆ ಇರುವುದೇ 8 ಲೇನ್. ಮೆಮೊರಿ ಸಾಕಾಗುವವರೆಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ತುಂಬಿ ಹೊರಚೆಲ್ಲಿದ ದತ್ತಾಂಶ ಸಿಸ್ಟಮ್ ರ‍್ಯಾಮಿನಿಂದ ಅದೇ ಇಕ್ಕಟ್ಟಾದ ದಾರಿಯಲ್ಲಿ ಓಡಾಡಬೇಕಾದಾಗ ಆಟ ತಡವರಿಸುತ್ತದೆ. 2022ರ ಜನವರಿಯಲ್ಲಿ ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಮ್‌ಡಿಯ ಕಾರ್ಡು ಆರ್‌ಎಕ್ಸ್ 6500 ಎಕ್ಸ್‌ಟಿ, 4 ಜಿಬಿ ಮೆಮೊರಿ ಮತ್ತು 4 ಲೇನ್ ಇಟ್ಟುಕೊಂಡು ಬಂದು, ಹಳೆಯ ಬೋರ್ಡುಗಳಲ್ಲಿ ಇದೇ ಕಾರಣಕ್ಕೆ ಹೆಸರು ಕೆಡಿಸಿಕೊಂಡಿತು. 12 ಜಿಬಿಯನ್ನು ಮಾರಿ 8 ಜಿಬಿಗೆ ಇಳಿಯುವುದನ್ನು ಮುಂಬಡ್ತಿ ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಪ್ರೊಸೆಸರಿನ ವಿಷಯಕ್ಕೆ ಬರುತ್ತೇನೆ. ಕಾರ್ಡಿನ ರಿವ್ಯೂಗಳಲ್ಲಿ ಸಾಮಾನ್ಯವಾಗಿ 9800ಎಕ್ಸ್3ಡಿಯಂಥ ಅತಿವೇಗದ ಪ್ರೊಸೆಸರ್ ಇರುತ್ತದೆ, ಮತ್ತು ಅದು ಪಕ್ಷಪಾತವಲ್ಲ. ಕಾರ್ಡಿನ ಶಕ್ತಿಯನ್ನು ಮಾತ್ರ ಅಳೆಯಬೇಕಾದರೆ ಉಳಿದ ಯಾವುದೂ ಅಡ್ಡ ಬರಬಾರದು. ಆದರೆ ಆ ಅಂಕಿಯನ್ನು ನಿಮ್ಮ 2600ರ ಮೇಲೆ ಬಯಸುವುದು, ಹೆದ್ದಾರಿಯಲ್ಲಿ ಸಿಕ್ಕಿದ ಮೈಲೇಜನ್ನು ಚಾರ್ಮಾಡಿ ಘಾಟಿಯಲ್ಲಿ ಹುಡುಕಿದಂತೆ. 2024ರ ಡಿಸೆಂಬರಿನಲ್ಲಿ ಇಂಟೆಲ್‌ನ ಆರ್ಕ್ ಬಿ580 ಕಾರ್ಡು ಬಂದಾಗ 249 ಡಾಲರಿಗೆ ಇಂಥದ್ದು ಬೇರೆ ಇಲ್ಲವೆಂದು ಎಲ್ಲರೂ ಹೊಗಳಿದರು. ಮರುತಿಂಗಳು ಹಾರ್ಡ್‌ವೇರ್ ಕೆನಕ್ಸ್ ಮತ್ತು ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಎಂಬ ರಿವ್ಯೂ ಚಾನೆಲ್‌ಗಳು ಅದನ್ನು ಹಳೆಯ ಪ್ರೊಸೆಸರುಗಳೊಂದಿಗೆ ಕೂರಿಸಿ ನೋಡಿದಾಗ, ಡ್ರೈವರ್ ಪ್ರೊಸೆಸರಿನ ಮೇಲೆ ಹೇರುವ ಹೊರೆಯಿಂದಾಗಿ ಕೆಲವು ಆಟಗಳಲ್ಲಿ ಅದು ಎನ್‌ವಿಡಿಯಾದ 4060ಕ್ಕಿಂತ ಹಿಂದೆ ಬಿತ್ತು. ಅಗ್ಗದ ಕಾರ್ಡು ಕೊಳ್ಳುವವರ ಬಳಿ ಇರುವುದು ಹಳೆಯ ಪ್ರೊಸೆಸರೇ ತಾನೆ?

ಆದ್ದರಿಂದ ನಾನು ಎಲ್ಲರಿಗೂ ಬಿಡದೆ ಹೇಳುವ ಕ್ರಮವೆಂದರೆ ತಾಳೆ ನೋಡುವುದು. ರಿವ್ಯೂವಿನಲ್ಲಿ ಹೊಸ ಕಾರ್ಡಿನ ಅಂಕಿಯನ್ನು ಮೊದಲು ನೋಡಬೇಡಿ; ನಿಮ್ಮ ಬಳಿ ಈಗಾಗಲೇ ಇರುವ ಕಾರ್ಡಿನ ಅಂಕಿಯನ್ನು ಹುಡುಕಿ. ನಿಮ್ಮ ಅದೃಷ್ಟಕ್ಕೆ 3060 ಇಂದಿಗೂ ಹಲವು ಚಾರ್ಟುಗಳಲ್ಲಿದೆ. ಅದೇ ಆಟ, ಅದೇ ರೆಸಲ್ಯೂಶನ್, ಅದೇ ಪ್ರೀಸೆಟ್ (ಗ್ರಾಫಿಕ್ಸ್ ಗುಣಮಟ್ಟದ ಸಿದ್ಧ ಆಯ್ಕೆ), ಅದೇ ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರವನ್ನು ಹಿಗ್ಗಿಸುವ ತಂತ್ರ) ಇಟ್ಟು, ಫ್ರೇಮುಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ತೆಗೆದು, ಉಚಿತವಾಗಿ ಸಿಗುವ ಪ್ರೆಸೆಂಟ್‌ಮಾನ್ ಅಥವಾ ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಅಳತೆಯ ತಂತ್ರಾಂಶದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮು (ಚಿತ್ರ) ಬರುತ್ತವೆಂದು ನೀವೇ ಅಳೆಯಿರಿ. ರಿವ್ಯೂವಿನಲ್ಲಿ 3060 ಕೊಟ್ಟಷ್ಟು ಫ್ರೇಮುಗಳು ನಿಮಗೂ ಹೆಚ್ಚುಕಡಿಮೆ ಬಂದರೆ, ಹೊಸ ಕಾರ್ಡಿನ ಅಂಕಿಯತ್ತ ನೋಡಲು ನಿಮಗೊಂದು ಆಧಾರ ಸಿಕ್ಕಿತು. ತುಂಬಾ ಕಡಿಮೆ ಬಂದರೆ ಬಹುಮಟ್ಟಿಗೆ ತಡೆಯುತ್ತಿರುವುದು ಪ್ರೊಸೆಸರು, ಮತ್ತು ಎಂಥ ಕಾರ್ಡು ಹಾಕಿದರೂ ಆ ಆಟದಲ್ಲಿ ಹೆಚ್ಚಿನ ಲಾಭವಿಲ್ಲ. ಅನುಮಾನ ಉಳಿದರೆ ರೆಸಲ್ಯೂಶನನ್ನು 720ಪಿಗೆ ಇಳಿಸಿ; ಫ್ರೇಮುಗಳು ಏರದಿದ್ದರೆ ಉತ್ತರ ಅಲ್ಲೇ ಇದೆ.

ಇದಕ್ಕೂ ಮಿತಿಗಳಿವೆ. ಆಟಕ್ಕೆ ಬಂದ ಹೊಸ ಪ್ಯಾಚು, ಡ್ರೈವರಿನ ಆವೃತ್ತಿ, ಆಟದ ಯಾವ ಭಾಗದಲ್ಲಿ ಅಳೆದರು ಎಂಬುದು, ಇವೆಲ್ಲವೂ ಅಂಕಿಯನ್ನು ಅತ್ತಿತ್ತ ಸರಿಸುತ್ತವೆ. ರ‍್ಯಾಮ್ ಒಂದೇ ಕಡ್ಡಿ ಹಾಕಿಕೊಂಡು, ಅಥವಾ ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಅದನ್ನು ಘೋಷಿತ ವೇಗದಲ್ಲಿ ಓಡಿಸುವ ಆಯ್ಕೆ) ಚಾಲೂ ಮಾಡದೆ ಅಳೆದು, ಆಮೇಲೆ ರಿವ್ಯೂವನ್ನು ಬೈಯಬೇಡಿ. ಈ ಗುಂಪಿನಲ್ಲಿ ಇದು ಪದೇಪದೇ ಆಗುತ್ತಿದೆ. ಆಟದೊಳಗೇ ಇರುವ ಬೆಂಚ್‌ಮಾರ್ಕಿಗಿಂತ (ವೇಗದ ಸಿದ್ಧ ಪರೀಕ್ಷೆ) ತಾವೇ ಆರಿಸಿದ ದೃಶ್ಯದಲ್ಲಿ ಅಳೆಯುವವರನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಎಲ್ಲರೂ ಬಳಸುವ ಪರೀಕ್ಷೆಗೆಂದೇ ಡ್ರೈವರ್ ತಿದ್ದುವುದು ಹಳೆಯ ಚಾಳಿ. 2001ರಲ್ಲಿ ಕ್ವೇಕ್ 3 ಆಟದ ಕಡತಕ್ಕೆ ಕ್ವ್ಯಾಕ್ ಎಂದು ಹೆಸರು ಬದಲಿಸಿದ ಕೂಡಲೇ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ವೇಗ ಕುಸಿದ ಪ್ರಸಂಗ ಹಳಬರಿಗೆ ನೆನಪಿರಬಹುದು.

ಸರಾಸರಿಯ ಜೊತೆಗೆ 1% ಲೋ ಅಂಕಿ (ಅತಿ ನಿಧಾನವಾದ ನೂರಕ್ಕೊಂದು ಪಾಲು ಫ್ರೇಮುಗಳ ವೇಗ) ಕೊಡದ ರಿವ್ಯೂವನ್ನು ಅಲ್ಲಿಗೇ ಮುಚ್ಚಿಬಿಡಿ. ನಡುನಡುವೆ ಕೃತಕ ಫ್ರೇಮು ತುಂಬುವ ಫ್ರೇಮ್ ಜನರೇಶನ್ ಸೇರಿಸಿದ ಅಂಕಿಯನ್ನೂ ಸೇರಿಸದ ಅಂಕಿಯನ್ನೂ ಒಂದೇ ಚಾರ್ಟಿನಲ್ಲಿ ಬೆರೆಸಿದ್ದರೆ ಅದನ್ನೂ ಬಿಡಿ. 549 ಡಾಲರಿನ 5070ಯಲ್ಲಿ ಹಿಂದಿನ ಪೀಳಿಗೆಯ ಅಗ್ರ ಕಾರ್ಡು 4090ರ ವೇಗ ಸಿಗುತ್ತದೆ ಎಂದು 2025ರ ಜನವರಿಯಲ್ಲಿ ಎನ್‌ವಿಡಿಯಾ ವೇದಿಕೆಯ ಮೇಲೆ ಹೇಳಿದ್ದು ಅಂಥ ಬೆರಕೆಯಿಂದಲೇ. ಒಂದೇ ಸಂಖ್ಯೆಯಲ್ಲಿ ತೀರ್ಪು ಕೊಡುವ ಯೂಸರ್‌ಬೆಂಚ್‌ಮಾರ್ಕ್ ಜಾಲತಾಣದ ಕೊಂಡಿಯನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಎನ್‌ವಿಡಿಯಾವನ್ನು ಇಷ್ಟು ದೂರಿದ್ದರಿಂದ ಎಎಮ್‌ಡಿ ಸಾಚಾ ಎಂದು ಯಾರೂ ತಿಳಿಯಬೇಕಿಲ್ಲ. 2020ರ ಜನವರಿಯಲ್ಲಿ ಆರ್‌ಎಕ್ಸ್ 5600 ಎಕ್ಸ್‌ಟಿ ಬಿಡುಗಡೆಗೆ ಕೆಲವೇ ದಿನ ಇರುವಾಗ ಕಾರ್ಡಿನ ವೇಗ ಹೆಚ್ಚಿಸುವ, ಕಾರ್ಡಿನದೇ ಹೊಸ ಬಯೋಸ್ ರಿವ್ಯೂ ಮಾಡುವವರಿಗೆ ತಲುಪಿತು; ಅಂಗಡಿಯಲ್ಲಿ ಕೊಂಡ ಕೆಲವರಿಗೆ ಸಿಕ್ಕಿದ್ದು ಹಳೆಯ ಬಯೋಸ್ ಇದ್ದ ಕಾರ್ಡು. 2016ರಲ್ಲಿ ಕಾರ್ಡು ತಯಾರಕರಾದ ಎಮ್‌ಎಸ್‌ಐ ಮತ್ತು ಏಸಸ್ ರಿವ್ಯೂಗೆ ಕೊಟ್ಟ ಕೆಲವು ಕಾರ್ಡುಗಳು ಮಾರಾಟದ ಕಾರ್ಡುಗಳಿಗಿಂತ ತುಸು ಹೆಚ್ಚಿನ ಕ್ಲಾಕ್ ವೇಗದಲ್ಲಿ ಓಡುವಂತೆ ಹೊಂದಿಸಲ್ಪಟ್ಟಿದ್ದನ್ನು ಟೆಕ್‌ಪವರ್‌ಅಪ್ ಜಾಲತಾಣ ಬಯಲಿಗೆಳೆದಿತ್ತು. ಪಕ್ಷಪಾತದ ಸೋಂಕೇ ಇಲ್ಲದ ರಿವ್ಯೂ ಕೂಡ ತಪ್ಪಾಗಬಹುದು: 2014ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 970ರ ಬಗ್ಗೆ ಬರೆದವರೆಲ್ಲ ಕಂಪನಿ ಕೊಟ್ಟ ವಿವರಗಳನ್ನೇ ಅಚ್ಚು ಹಾಕಿದರು, 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ನಿಧಾನವೆಂಬುದು ಬೆಳಕಿಗೆ ಬಂದದ್ದು ಬಳಕೆದಾರರು ದೂರಿದ ಮೇಲೆ, ಮರುವರ್ಷದ ಜನವರಿಯಲ್ಲಿ. ಹಾಗಾಗಿ ನನ್ನ ಮಟ್ಟಿಗೆ ಮೊದಲ ದಿನದ ರಿವ್ಯೂ ಕೇವಲ ಸೂಚನೆ. ಕೆಲವು ವಾರ ಕಾದು, ಅಂಗಡಿಯಲ್ಲಿ ಕೊಂಡ ಕಾರ್ಡಿನ ಪರೀಕ್ಷೆ ಬಂದ ಮೇಲೆಯೇ ಕೈ ಜೇಬಿಗೆ ಹೋಗಬೇಕು. ಕಾದರೆ ಬೆಲೆಯೂ ತಿಳಿಯುತ್ತದೆ: ರಿವ್ಯೂವಿನ ತೀರ್ಪು ನಿಂತಿರುವುದು ಡಾಲರ್ ಬೆಲೆಯ ಮೇಲೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನೀವು ಕೊಡುವುದು ಜಿಎಸ್‌ಟಿ ಸೇರಿದ ಬೇರೆಯೇ ಮೊತ್ತ. ತಾಪಮಾನದ ಅಂಕಿಯೂ ಹಾಗೆಯೇ, 21 ಡಿಗ್ರಿಯ ಕೋಣೆಯಲ್ಲಿ 68 ತೋರಿಸಿದ ಕಾರ್ಡು ಕಲಬುರಗಿಯ ಬೇಸಿಗೆಯಲ್ಲಿ 80 ದಾಟಿದರೆ ಅದು ಕಾರ್ಡಿನ ದೋಷವಲ್ಲ.

ನಿಮಗೆ ನನ್ನ ಸಲಹೆ ಇಷ್ಟು: 3060 ಹಾಗೆಯೇ ಇರಲಿ, ಬೋರ್ಡಿನ ಬಯೋಸ್ ಅಪ್‌ಡೇಟ್ ಮಾಡಿ ಮೊದಲು ರೈಜನ್ 5 5600 ಪ್ರೊಸೆಸರ್ ಹಾಕಿಸಿ. ನಿಮ್ಮ ಬೋರ್ಡಿನ ತಯಾರಕರ ಪುಟದಲ್ಲಿ ಆ ಪ್ರೊಸೆಸರಿನ ಹೆಸರು ಇದೆಯೇ ಎಂದು ನೋಡಿಕೊಂಡು, ಯುಪಿಎಸ್ ಇಲ್ಲದೆ ಬಯೋಸ್‌ಗೆ ಕೈ ಹಾಕಬೇಡಿ. ಆಮೇಲೆ ಮೇಲೆ ಹೇಳಿದಂತೆ ಅಳೆದು, ಆಟದ ಹೆಸರು, ಸೆಟ್ಟಿಂಗು, ಸರಾಸರಿ ಮತ್ತು 1% ಲೋ ಅಂಕಿಗಳನ್ನು ಇಲ್ಲಿಯೇ ಹಾಕಿ. 16 ಜಿಬಿ ಮಾದರಿ ಬೇಕೋ ಬೇಡವೋ ಎಂಬುದನ್ನು ಅವನ್ನು ಮುಂದಿಟ್ಟುಕೊಂಡು ನೋಡೋಣ.