ಗುಡ್ಡದ ಮೇಲೆ ಗಾಳಿಯಂತ್ರ, ಊರು ಎರಡು ಪಾಲು: ಏನು ಮಾಡೋದು?

ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿಯಂತ್ರ ಹಾಕುವ ಕಂಪನಿಯವರು ಬಂದು ಹೋದಮೇಲೆ ಹೊಸನಗರ ಕಡೆಯ ನಿಮ್ಮೂರು ಬೇಕು-ಬೇಡವೆಂದು ಒಡೆದಿದೆ, ಏನು ಮಾಡೋದು ಎಂದು ಬರೆದು ಕೇಳಿದ್ದೀರಿ. ಬಹುಶಃ ಹೆದರಿಕೆ ಯಂತ್ರದ್ದಲ್ಲ, ರಸ್ತೆಯದ್ದು. 60 ಮೀಟರ್ ದಾಟುವ ರೆಕ್ಕೆ ಮೇಲೇರಬೇಕಾದರೆ ಗುಡ್ಡದ ತಿರುವುಗಳನ್ನೆಲ್ಲ ಕಡಿದು ಅಗಲ ಮಾಡಬೇಕು. ಆ ಸಡಿಲ ಮಣ್ಣು ಮೊದಲ ಜೋರು ಮಳೆಗೇ ಕೆಳಗಿಳಿದು ಅಬ್ಬಿನೀರಿನ (ಗುಡ್ಡದ ಒರತೆಯಿಂದ ತಾನೇ ಇಳಿದುಬರುವ ನೀರು) ಪೈಪಿನ ಬಾಯಿ ಕಟ್ಟುತ್ತದೆ, ಅಡಿಕೆ ತೋಟದ ಕಪ್ಪು (ನೀರು ಬಸಿಯುವ ಕಾಲುವೆ) ಮುಚ್ಚುತ್ತದೆ.

ಮೊದಲು ರಸ್ತೆ ನಕ್ಷೆ, ಯಂತ್ರದ ಕಂಬಗಳು ನಿಲ್ಲುವ ಜಾಗದ ಸರ್ವೆ ನಂಬರ್ ಕಂಪನಿಯಿಂದ ಲಿಖಿತವಾಗಿ ಕೇಳಿ. ಗುಡ್ಡ ಯಾರದ್ದೆಂದು ನೀವು ಬರೆದಿಲ್ಲ, ಪಹಣಿ ತೆಗೆಸಿ. ಅರಣ್ಯವಾದರೆ ಕೇಂದ್ರದ ಅನುಮತಿ ಬೇಕು. 2016ರ ಕೇಂದ್ರ ಮಾರ್ಗಸೂಚಿ ವಾಸದ ಮನೆಯಿಂದ 500 ಮೀಟರ್ ಒಳಗೆ ಯಂತ್ರ ಕೂಡದು ಎಂದಿತ್ತು; ಈಗಿನ ನಿಯಮವೇನೆಂದು ಕೇಳಿಕೊಂಡು, ಒಂಟಿಮನೆಗಳ ದೂರವನ್ನೂ ಅಳೆದಿಡಿ.

ಗಾಳಿ ಯೋಜನೆಗೆ ಪರಿಸರ ಸಾರ್ವಜನಿಕ ಆಲಿಕೆ (ಊರವರ ಅಹವಾಲು ಕೇಳುವ ಸಭೆ) ಕಡ್ಡಾಯವಿಲ್ಲ. ಹಾಗಾಗಿ ಗ್ರಾಮಸಭೆ ಬಿಡಬೇಡಿ: ಮಣ್ಣು ತಡೆಗೋಡೆ, ನೀರು ಕೆಟ್ಟರೆ ಪರಿಹಾರ, ಎರಡನ್ನೂ ನಡಾವಳಿಯಲ್ಲಿ ಬರೆಸಿ. ಕೆಲಸ ಶುರುವಾಗುವ ಮುಂಚೆಯೇ ಅಬ್ಬಿಯ ಫೋಟೊ ದಿನಾಂಕ ಸಮೇತ ತೆಗೆದಿಡಿ.